ನಲವತ್ತು ಮೆಗಾಬೈಟ್ ಒಣಗಿದ ಕಥೆ

ರಜಿಯಾಬೇಗಂ ಅವರನ್ನು ಮೊದಲ ಸಲ ನೋಡಿದಾಗ ನಾನು ಅವರನ್ನು ವ್ಯಾನ್ ಡ್ರೈವರನ ಹೆಂಡತಿ ಅಂದುಕೊಂಡೆ. ಡ್ರೈವರನನ್ನು ಕಂಪ್ಯೂಟರ್ ಎಂಜಿನಿಯರ್ ಅಂದುಕೊಂಡೆ. ನನ್ನನ್ನು ನಾನು ಭಾರೀ ಬುದ್ಧಿವಂತ ಅಂದುಕೊಂಡೆ. ಒಂದೇ ನಿಮಿಷದಲ್ಲಿ ಮೂರು ತಪ್ಪು! ಮೊದಲಿನ ಎರಡು ಅವತ್ತೇ ಸರಿಹೋದವು. ಮೂರನೆಯದು ಸರಿಹೋಗಲು ಹದಿನೆಂಟು ದಿನ ಬೇಕಾಯಿತು.

ಇದು ಎಂಬತ್ತೊಂಬತ್ತರ ಮಾರ್ಚ್ ತಿಂಗಳ ಮಾತು. ಗಂಗಾವತಿಯ ನಮ್ಮ ಬೀಜಭತ್ತ ಬೆಳೆಗಾರರ ಸಂಘದಲ್ಲಿ ನಾನು ಹೆಡ್ ಗುಮಾಸ್ತ. ಹೆಸರು ವಿರುಪಣ್ಣ. ಯಾವ ರೈತನಿಗೆ ಬರುವ ಹಂಗಾಮಿಗೆ ಯಾವ ತಳಿಯ ಬೀಜ ಎಷ್ಟು ಚೀಲ ಬೇಕು ಎಂದು ಬರೆದಿಡುವುದು ಸಂಘದ ಕೆಲಸ. ಬರೆದದ್ದನ್ನು ಇಲಿ ತಿನ್ನುವುದು ಸಂಪ್ರದಾಯ. ಇಲಿಯ ಕಾಟ ತಪ್ಪಿಸಲೆಂದು ಸಂಘವು ಒಂದು ಕಂಪ್ಯೂಟರ್ ತರಿಸುವ ಠರಾವು ಮಾಡಿತು. "ಇದನ್ನ ಸಂಭಾಳಸೋರು ಯಾರು?" ಎಂದು ಅಧ್ಯಕ್ಷ ಅಮರಪ್ಪನವರು ಕೇಳಿದ್ದೇ ತಡ, ನಾನು ಎದ್ದು ನಿಂತು ಗರ್ಜಿಸಿದೆ: "ಬರಲಿ ಬಿಡ್ರಿ ಧಣ್ಯಾರ! ಹದಿನಾರು ವರ್ಷ ಈ ಸಂಘಾನ ಸಂಭಾಳಿಸೇನಿ, ಒಂದು ಡಬ್ಬಿ ಸಂಭಾಳಸೂದು ದೊಡ್ಡದಲ್ಲ!"

ಅಲ್ಲಿಯವರೆಗೆ ನಾನು ಕಂಪ್ಯೂಟರನ್ನು ಕಂಡದ್ದು ಒಂದು ಕ್ಯಾಲೆಂಡರಿನಲ್ಲಿ. ಅದೂ ಆಗಸ್ಟ್ ತಿಂಗಳ ಹಾಳೆಯಲ್ಲಿ.

ನನ್ನ ಗರ್ಜನೆಗೆ ಒಂದು ಒಳಕಾರಣವಿತ್ತು. ಕಾರ್ಯದರ್ಶಿಗಳು ಮಾರ್ಚ್ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿ ನೋಡಬೇಕು ನೀವು! ಸಾಗವಾನಿ ಕಟ್ಟಿಗೆ, ಬೆತ್ತದ ಹೆಣಿಗೆ, ತಲೆಗಿಂತ ಎತ್ತರದ ಬೆನ್ನು, ಕೈಯಿಡುವಲ್ಲಿ ಸಿಂಹದ ಮುಖ. ಹದಿನಾರು ವರ್ಷ ಆ ಕುರ್ಚಿಯ ಎದುರಿನ ಬೆಂಚಿನಲ್ಲಿ ಕುಳಿತು ಆ ಸಿಂಹಗಳ ಜೊತೆ ನಾನು ಕಣ್ಣಿನಲ್ಲೇ ಮಾತಾಡುತ್ತಿದ್ದೆ. ಅಮರಪ್ಪನವರು ಕಡ್ಡಿ ಮುರಿದಂತೆ ಹೇಳಿದರು: "ನೋಡಪಾ ವಿರುಪಣ್ಣ, ಮಾರ್ಚ್ ಮುಗಿಯೂದ್ರಾಗ ತಪಾಸಣಿ ಐತಿ. ಈ ಮಷಿನ್ನು ತಪಾಸಣ್ಯಾಗ ಪಾಸಾದ್ರ ಆ ಕುರ್ಚಿ ನಿಂದು. ಆಗ್ಲಿಲ್ಲಂದ್ರ ಹೊರಗಿನವ್ರನ್ನ ತಂದು ಕುಂದ್ರಸ್ತೀನಿ."

ಮೊದಲ ಅಡಚಣೆ ಜಾಗದ್ದು. ಯಂತ್ರಕ್ಕೆ ಧೂಳಿಲ್ಲದ ತಂಪು ಕೋಣೆ ಬೇಕೆಂದು ಕಂಪನಿಯಿಂದ ಕಾಗದ ಬಂತು. ನಮ್ಮ ಸಂಘದ ಕಚೇರಿಯೋ ಅಕ್ಕಿ ಗಿರಣಿಯ ಬಗಲಿಗೇ ಇದೆ. ಅಲ್ಲಿ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೋದವನು ಸಂಜೆ ತೌಡಿನ ಬಣ್ಣದವನಾಗಿ ಬರುತ್ತಾನೆ. "ನಮ್ಮ ಮನ್ಯಾಗ ಒಂದು ಕ್ವಾಣಿ ಐತ್ರಿ" ಎಂದು ನಾನು ದಾನಶೂರನಂತೆ ಘೋಷಿಸಿದೆ. ಆ ಕೋಣೆ ನನ್ನ ಹೆಂಡತಿ ಯಮನೂರಮ್ಮಳ ಕಾಳಿನ ಕೋಣೆ ಎಂಬುದನ್ನು ಸಭೆಗೆ ತಿಳಿಸಲಿಲ್ಲ. ಅದನ್ನು ದಾನ ಮಾಡಿದ್ದನ್ನು ಯಮನೂರಮ್ಮಳಿಗೂ ತಿಳಿಸಲಿಲ್ಲ. ಗೋಡೆ ಒಡೆದು ಏಸಿ ಕೂರಿಸುವ ಗೌಂಡಿ ಹಾರೆ ಹಿಡಿದು ಬಂದಾಗ ಅವನೇ ತಿಳಿಸಿದ.

"ನನ್ನ ಕಾಳಿನ ಕ್ವಾಣಿ ಕೊಟ್ಟು ಬಂದೀರಿ? ಜ್ವಾಳ, ತೊಗರಿ, ಹಪ್ಪಳ, ಸಂಡಿಗಿ ಎಲ್ಲಿ ಇಡ್ಲಿ? ನಿಮ್ಮ ತಲಿ ಮ್ಯಾಲ?"

"ದೇಶ ಇಪ್ಪತ್ತೊಂದನೇ ಶತಮಾನಕ್ಕ ಹೊಂಟೈತಿ, ನೀ ಇನ್ನೂ ಸಂಡಿಗಿ ಹಿಡಕೊಂಡು ಕುಂತಿ!"

"ಇಪ್ಪತ್ತೊಂದನೇ ಶತಮಾನದಾಗ ಉಣ್ಣಂಗಿಲ್ಲೇನು?"

ನಾನು ಸಂಡಿಗೆಯ ಡಬ್ಬಿ ಹೊತ್ತು ಅಟ್ಟ ಹತ್ತಿದೆ.

ಮಾರ್ಚ್ ಎರಡು, ಗುರುವಾರ. ಹುಬ್ಬಳ್ಳಿಯಿಂದ ಕಂಪನಿಯ ವ್ಯಾನು ಬಂತು. ಎಂಜಿನಿಯರಿಗೆಂದು ನಾನು ಸೇವಂತಿಗೆ ಹಾರ ಹಿಡಿದು ಕಟ್ಟೆಯ ಮೇಲೆ ನಿಂತಿದ್ದೆ. ವ್ಯಾನಿನಿಂದ ಮೊದಲು ಇಳಿದವರು ಆರಡಿ ಎತ್ತರದ, ಸಫಾರಿ ತೊಟ್ಟ, ಗಿರಿಜಾ ಮೀಸೆಯ ಗಂಭೀರ ಪುರುಷ. ಇನ್ನೊಂದು ಕಡೆಯಿಂದ ಹತ್ತಿಯ ಸೀರೆಯುಟ್ಟ, ಕೈಯಲ್ಲಿ ಚೀಲ ಹಿಡಿದ ತೆಳ್ಳಗಿನ ಹೆಣ್ಣುಮಗಳು. ನಾನು ಹಾರವನ್ನು ಮೀಸೆಯ ಕೊರಳಿಗೆ ಹಾಕಿದೆ. "ತಂಗೀ, ಬಿಸಲಾಗ ನಿಂದ್ರಬ್ಯಾಡ. ಒಳಗ ನಮ್ಮ ಮನಿಯಾಕಿ ಅದಾಳ, ಆಕಿ ಕೂಡ ಕುಂತು ಚಾ ಕುಡಿ" ಎಂದು ಆಕೆಯನ್ನು ಒಳಗೆ ಕಳಿಸಿದೆ. ಆಕೆ ಮೀಸೆಯ ಕೊರಳಿನ ಹಾರವನ್ನೊಮ್ಮೆ ನೋಡಿ ಒಳಗೆ ಹೋದರು.

ನಾನು ಸಫಾರಿಯವರನ್ನು ಕೂರಿಸಿಕೊಂಡು ತಾಂತ್ರಿಕ ಚರ್ಚೆಗಿಳಿದೆ.

"ಎಷ್ಟ ಜೋರ ಓಡತೈತ್ರಿ ಇದು?"

"ರಸ್ತೆ ಛಲೋ ಇದ್ರ ಎಂಬತ್ರಿ."

"ಬ್ಯಾಸಿಗ್ಯಾಗ ತ್ರಾಸ ಕೊಡತೈತೇನ್ರಿ?"

"ಹಿಟ್ನಾಳ ದಾಟೂತನಕ ಏನಿಲ್ರಿ. ಆಮ್ಯಾಲ ಸ್ವಲ್ಪ ಕಾಯ್ತೈತಿ."

ಎಂಥ ಮಿತಭಾಷಿ! ವಿದ್ಯೆ ಹೆಚ್ಚಾದವರು ಹೀಗೇ ಮಾತಾಡುತ್ತಾರೆ ಎಂದು ನಾನು ಪುಳಕಿತನಾಗಿ ಅರ್ಧ ಗಂಟೆ ಕಳೆದೆ. ಅಷ್ಟರಲ್ಲಿ ಒಳಗಿನಿಂದ ಆ ಹೆಣ್ಣುಮಗಳು ಕೈ ಒರೆಸಿಕೊಳ್ಳುತ್ತ ಬಂದು, "ಸರ್, ಮಷಿನ್ ಯಾವ ರೂಮಿನ್ಯಾಗ ಇಡೂದ್ರಿ? ನನಗ ವೈರಿಂಗ್ ನೋಡಬೇಕು" ಅಂದರು. ನಾನು ಮೀಸೆಯವರ ಕಡೆ ನೋಡಿದೆ. ಅವರು ಹಾರ ಸರಿಪಡಿಸಿಕೊಂಡು ಹೇಳಿದರು: "ಎಂಜಿನಿಯರ್ ಅವರ್ರಿ, ರಜಿಯಾಬೇಗಂ ಮೇಡಂ. ನಾನು ಜಿಲಾನಸಾಬ. ಗಾಡಿ ಹೊಡೀತೀನಿ."

ಒಬ್ಬರ ಕೊರಳಿಂದ ಹಾರ ತೆಗೆದು ಇನ್ನೊಬ್ಬರಿಗೆ ಹಾಕಲು ಬರುತ್ತದೆಯೇ? ಜಿಲಾನಸಾಬರು ಅದನ್ನು ಹಾಕಿಕೊಂಡೇ ಪೆಟ್ಟಿಗೆ ಇಳಿಸಿದರು.

ಈ ಅವಮಾನದ ನಂತರ ರಜಿಯಾಬೇಗಂ ಅವರ ಮುಂದೆ ನಿಂತು ಪಾಠ ಕೇಳುವುದು ನನ್ನ ಘನತೆಗೆ ಒಗ್ಗಲಿಲ್ಲ. ಎರಡು ದಿನ ಅವರು ಯಂತ್ರ ಜೋಡಿಸಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಅದೇನು, ಇದೇನು, ಅದ್ಯಾಕೆ ಎಂದು ಕೇಳಿದಳು. ಅವರು ಹೇಳಿದರು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತು, ನೋಡಲು ಬಂದ ಓಣಿಯವರಿಗೆ ಕಂಪ್ಯೂಟರ್ ಕುರಿತು ಉಪನ್ಯಾಸ ಕೊಟ್ಟೆ. ಒಳಗೆ ಯಂತ್ರ ಇನ್ನೂ ಚಾಲೂ ಆಗುವ ಮೊದಲೇ ಹೊರಗೆ ನನ್ನದು ಚಾಲೂ ಆಗಿತ್ತು!

ಹೊರಡುವಾಗ ರಜಿಯಾಬೇಗಂ ಒಂದು ಚೀಟಿ ಕೊಟ್ಟರು. ಯಂತ್ರದ ಹೊಟ್ಟೆಯಲ್ಲಿ ಒಟ್ಟು ಎಷ್ಟು ಜಾಗವಿದೆ ಎಂದು ನೋಡಲು ಯಾವ ಅಕ್ಷರ ಒತ್ತಬೇಕು ಎಂದು ಅದರಲ್ಲಿತ್ತು. ಕಂಪ್ಯೂಟರ್ ಬಗ್ಗೆ ನನಗೆ ಬರುತ್ತಿದ್ದದ್ದು ಅಷ್ಟೇ. ಯಮನೂರಮ್ಮ ಮದುವೆಗೆ ಮುಂಚೆ ಕೊಪ್ಪಳದಲ್ಲಿ ಜೂನಿಯರ್ ಟೈಪಿಂಗ್ ಪಾಸಾದವಳು. ಅವಳ ಬೆರಳು ನೆಟ್ಟಗೆ ಓಡಿದವು. ಸಿದ್ದಾಪುರ, ಸಾಣಾಪುರ ಕಡೆಯ ರೈತರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಏಸಿಯ ತಂಪಿಗೆ ಕೈಮುಗಿದು, ತಮಗೆ ಬೇಕಾದ ಬೀಜ ಹೇಳುವುದು. ಅವಳು ಟೈಪು ಮಾಡುವುದು. ನಾನು ಹಿಂದೆ ನಿಂತು "ಹ್ಞಾಂ, ಬರೋಬರಿ ಐತಿ" ಎನ್ನುವುದು. ಎರಡು ವಾರದಲ್ಲಿ ಎರಡು ಸಾವಿರದ ಮುನ್ನೂರು ರೈತರು ಒಳಗೆ ಸೇರಿದರು. "ಕಾಗದದಾಗೂ ಒಂದ ಬರಕೋಳೂಣೇನ್ರಿ?" ಎಂದು ಅವಳು ಕೇಳಿದ್ದಳು. "ಕಂಪ್ಯೂಟರ್ ಬಂದ ಮ್ಯಾಲೂ ಕಾಗದ ಅಂದ್ರ ಮಂದಿ ನಗ್ತಾರ!" ಎಂದು ನಾನು ಆಣತಿ ಹೊರಡಿಸಿದ್ದೆ.

ತಪಾಸಣೆ ಸೋಮವಾರ ಇಪ್ಪತ್ತನೇ ತಾರೀಕು ಎಂದು ತಿಳಿಯಿತು. ಬರುವ ಇನ್ಸ್‌ಪೆಕ್ಟರ್ ಸಾಮಾನ್ಯರಲ್ಲ. ಹಿಂದಿನ ವರ್ಷ ಚೀಲ ಎತ್ತುವ ಕೊಕ್ಕೆ ಒಂದು ಕಡಿಮೆಯಿದೆ ಎಂದು ಸಂಜೆಯವರೆಗೆ ಗೋದಾಮು ಬಿಟ್ಟು ಕದಲದವರು! ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ನೆಲದ ಮೇಲೆ ಅಷ್ಟು ಇರಬೇಕು. ಅಷ್ಟೇ ಅವರ ವೇದಾಂತ.

ಶುಕ್ರವಾರ ನಾನು ದಾಸ್ತಾನು ಪುಸ್ತಕ ತೆರೆದು, ಕಂಪನಿಯ ಪಟ್ಟಿ ನೋಡಿ ಬರೆದೆ. ಕಂಪ್ಯೂಟರ್, ಒಂದು. ಡಿಸ್ಕ್, ನಲವತ್ತು ಮೆಗಾಬೈಟಿನದು, ಒಂದು. ಡಿಸ್ಕ್, ಮೂವತ್ತು ಮೆಗಾಬೈಟಿನದು, ಒಂದು. ಡಿಸ್ಕ್ ಎಂದರೆ ಬರೆದದ್ದೆಲ್ಲ ಹೋಗಿ ಕೂರುವ ಗೋದಾಮು ಎಂದೂ, ಗೋದಾಮಿಗೆ ಚೀಲ ಹೇಗೋ ಡಿಸ್ಕಿಗೆ ಮೆಗಾಬೈಟ್ ಹಾಗೆ ಎಂದೂ ನಾನು ಸ್ವಂತ ಬುದ್ಧಿಯಿಂದ ಕಂಡುಕೊಂಡಿದ್ದೆ. ನಲವತ್ತಕ್ಕೆ ಮೂವತ್ತು ಕೂಡಿಸಿ, ಒಟ್ಟು ಎಪ್ಪತ್ತು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಸಹಿ ಮಾಡಿದೆ. ಆಮೇಲೆ ಚೀಟಿ ನೋಡಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

ಪರದೆ ಹೇಳಿತು: ಮೂವತ್ತು.

ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಮೂವತ್ತು. ಕೈಕಾಲು ತೊಳೆದು, ವಿಭೂತಿ ಹಚ್ಚಿ, ಪೂರ್ವಕ್ಕೆ ತಿರುಗಿ ಕುಳಿತು ಒತ್ತಿದೆ. ಮೂವತ್ತು! ಎಪ್ಪತ್ತರಲ್ಲಿ ನಲವತ್ತು ಮಾಯ! ಒಂದು ಕೊಕ್ಕೆಗೆ ಸಂಜೆಯವರೆಗೆ ಕೂತವರು ನಲವತ್ತು ಮೆಗಾಬೈಟಿಗೆ ಎಷ್ಟು ದಿನ ಕೂತಾರು? ಸಾಗವಾನಿ ಸಿಂಹಗಳು ಆ ಕಡೆ ಮುಖ ತಿರುಗಿಸಿದಂತಾಯಿತು. ನಾನು ಬ್ಯಾಟರಿ ಹಿಡಿದು ಮೇಜಿನ ಕೆಳಗೆ ತೂರಿದೆ.

"ಏನ ಹುಡಕಾಕತ್ತೀರಿ?" ಯಮನೂರಮ್ಮಳ ಕಾಲುಗಳು ಕೇಳಿದವು.

"ನಲವತ್ತು ಮೆಗಾಬೈಟ್ ಇಲ್ಲ! ನೀ ಕಸ ಹೊಡಿಯಾಗ ಏನರೆ ನೋಡಿದೇನು?"

"ಅಲ್ರೀ, ಅವು ಎಲ್ಲೂ ಹೋಗಿಲ್ಲ. ರಜಿಯಾ ಹೇಳಿದ್ಲಲ್ಲ, ಆ ಎರಡ ಡಿಸ್ಕು..."

"ನೀ ಸುಮ್ನಿರು! ಇದು ತಾಂತ್ರಿಕ ವಿಷಯ!"

"ಆತ ಬಿಡ್ರಿ. ಆ ಮೂಲ್ಯಾಗ ಜೇಡರ ಬಲಿ ಐತಿ, ಹೆಂಗೂ ಒಳಗ ಹೋಗೀರಿ, ತಕ್ಕೊಂಡ ಬರ್ರಿ."

ನಾನು ಜೇಡರ ಬಲೆ ತಲೆಗೆ ಸುತ್ತಿಕೊಂಡೇ ಅಂಚೆ ಕಚೇರಿಗೆ ಓಡಿದೆ. ರಜಿಯಾಬೇಗಂ ಅವರಿಗೆ ತಂತಿ ಕೊಟ್ಟೆ: "ನಲವತ್ತು ಕಾಣೆಯಾಗಿವೆ, ಕೂಡಲೇ ಬನ್ನಿ, ವಿರುಪಣ್ಣ." ಏನು ನಲವತ್ತು ಎಂದು ತಂತಿ ಬಾಬು ಕೇಳಿದ. ಅದು ಕಚೇರಿ ಗುಟ್ಟು ಅಂದೆ. ಅಷ್ಟು ಸಾಕಾಯಿತು! ಆ ಹೊತ್ತಿಗೆ ಸಂತೆಗೆ ಹೋದವರೆಲ್ಲ ವಿರುಪಣ್ಣನ ಮನೆಯಲ್ಲಿ ನಲವತ್ತು ಚೀಲ ಕಳುವಾಗಿದೆ ಎಂದು ಕೇಳಿಕೊಂಡು ಬಂದರು. ಸಂಜೆಗೆ ಅದು ನಲವತ್ತು ತೊಲೆ ಬಂಗಾರವಾಯಿತು. ಶನಿವಾರ ಬೆಳಿಗ್ಗೆ ನನ್ನ ಅತ್ತಿಗೆ ಕರಿಯವ್ವ ಅಳುತ್ತಾ ಬಂದಳು. ಅಳು ಮುಗಿದ ಮೇಲೆ ಅವಳ ಮುಖ ಬಿಗಿಯಾಯಿತು.

"ನಲವತ್ತ ತೊಲಿ ಇದ್ದದ್ದು ನಮಗ ಒಂದ ಮಾತು ಹೇಳಿದ್ದಿಲ್ಲಲ್ಲೋ ಮೈದುನಾ!"

"ಅತ್ಗೀ, ಅವು ಬಂಗಾರ ಅಲ್ಲ, ಮೆಗಾಬೈಟು."

"ಬಂಗಾರಕ್ಕಿಂತ ತುಟ್ಟಿ ಇರಬೇಕು. ಹೆಸರ ಕೇಳಿದ್ರ ಗೊತ್ತಾಗತೈತಿ" ಎಂದು ಅವಳು ಚಹಾ ಕುಡಿಯದೆ ಎದ್ದು ಹೋದಳು.

ಅವಳ ಬೆನ್ನಿಗೇ ಅಮರಪ್ಪನವರ ಜೀಪು. ಇಳಿಯಲೂ ಇಲ್ಲ ಅವರು.

"ಏನಪಾ, ನಲವತ್ತು ಕಮ್ಮಿ ಬಂದಾವಂತ?"

"ಹುಡಕಾಕತ್ತೀನ್ರಿ ಧಣ್ಯಾರ."

"ಹುಡುಕು. ಸೋಮವಾರ ಹತ್ತೂವರಿಗೆ ಇನ್ಸ್‌ಪೆಕ್ಟರ್ ಬರೂದ್ರಾಗ ಎಪ್ಪತ್ತ ಇರಬೇಕು. ಕುಷ್ಟಗಿಯಿಂದ ಒಬ್ಬ ಹುಷಾರ ಮನಿಷ್ಯಾ ಆ ಕುರ್ಚಿ ಕೇಳಿಕೊಂಡು ಬಂದು ಹೋಗ್ಯಾನ, ಗೊತ್ತಿರಲಿ."

ಜೀಪು ಹೋಯಿತು. ಯಮನೂರಮ್ಮ ಅಡುಗೆಮನೆಯಿಂದ ಬಂದು, "ಈಗರೆ ನನ್ನ ಮಾತು ಕೇಳ್ರಿ. ಆ ಎರಡೂ ಜೋಡಿ..." ಅಂದಳು. "ಯಮನೂರೀ! ನನ್ನ ಜೀವ ಹೋಗಾಕತ್ತೈತಿ, ನೀ ಜೋಡಿ ಗೀಡಿ ಅಂತ ಬರಬ್ಯಾಡ!" ಎಂದೆ. ಅವಳು ಅಡುಗೆಮನೆಗೆ ಹಿಂದಿರುಗಿದಳು. ಭಾನುವಾರ ಬೆಳಿಗ್ಗೆ ಸಿದ್ದಾಪುರದ ತವರಿನಲ್ಲಿ ಕೂಸಿಗೆ ಹೆಸರಿಡುವುದಿತ್ತು, ಬಸ್ಸು ಹತ್ತಿ ಹೋದಳು. ಮನೆಯಲ್ಲಿ ನಾನು, ಮೂವತ್ತು ಮೆಗಾಬೈಟ್ ಮತ್ತು ಏಸಿ.

ಆಗ ಬಂದ ಹೊನ್ನೂರಪ್ಪ.

ಹೊನ್ನೂರಪ್ಪ ನಮ್ಮ ಸಂಘದ ಗೋದಾಮು ಕಾಯುವವ. ಇಪ್ಪತ್ತೈದು ವರ್ಷದಿಂದ ಭತ್ತದ ನಡುವೆ ಇದ್ದು ಇದ್ದು, ಕಾಳನ್ನು ಹಲ್ಲಿನಲ್ಲಿ ಕಚ್ಚಿ ಅದರಲ್ಲಿ ತೇವ ಎಷ್ಟಿದೆ ಎಂದು ಹೇಳಬಲ್ಲವ. ಅವನು ಕಂಪ್ಯೂಟರಿಗೆ ಒಂದು ಸುತ್ತು ಬಂದ. ಬೆರಳಿನಿಂದ ತಟ್ಟಿದ. ಕಚ್ಚುವುದೊಂದು ಬಾಕಿ.

"ಸಾಹೇಬ್ರ, ಇದರಾಗ ಹುಡಕೂದು ಏನೈತಿ? ಒಣಗ್ಯಾವ."

"ಏನ ಒಣಗ್ಯಾವೋ?"

"ನಿಮ್ಮ ನಲವತ್ತು. ಹಸೀ ಭತ್ತ ತಂದು ಗೋದಾಮಿಗೆ ಒಟ್ಟಿದ್ರ ತಿಂಗಳಿಗೆ ಕ್ವಿಂಟಲಿಗೆ ಎರಡ ಕಿಲೋ ಒಣಗತೈತಿಲ್ರಿ? ಅದು ಬರೇ ಹೊರಗಿನ ಗಾಳಿಗೆ. ಇಲ್ಲಿ ನೋಡ್ರಿ, ಈ ಏಸಿ ಮಷಿನ್ನು ಹದಿನೈದ ದಿನದಿಂದ ಒಣಾ ಗಾಳಿ ಊದಾಕತ್ತೈತಿ! ಈಗ ಬಂದು ನಿಂತೇನಿ, ನನ್ನ ತುಟಿ ಒಡದಾವ."

ನನಗೆ ಜ್ಞಾನೋದಯವಾಯಿತು! ಓಡಿ ಹಿತ್ತಲಿಗೆ ಹೋಗಿ ನೋಡಿದೆ. ಏಸಿಯ ಹಿಂದಿನ ಕೊಳವೆಯಿಂದ ತೊಟ್ಟು ತೊಟ್ಟಾಗಿ ನೀರು ಬಕೀಟಿಗೆ ಬೀಳುತ್ತಿತ್ತು. ದಿನಕ್ಕೆ ಅರ್ಧ ಬಕೀಟು! ಆ ಕೋಣೆಯಲ್ಲಿ ನೀರಿನ ಒಂದು ತಂಬಿಗೆ ಕೂಡ ಇರಲಿಲ್ಲ. ಹಾಗಾದರೆ ಈ ತೇವ ಬಂದದ್ದೆಲ್ಲಿಂದ? ನಲವತ್ತು ಮೆಗಾಬೈಟುಗಳು ಹನಿಹನಿಯಾಗಿ ಹೊರಬರುತ್ತಿರುವುದನ್ನು ನಾನು ಕಣ್ಣಾರೆ ಕಂಡೆ. ಆ ನೀರನ್ನು ಯಮನೂರಮ್ಮ ದಿನಾ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಗಿಡ ಎದೆಮಟ್ಟ ಬೆಳೆದು ನಿಂತಿತ್ತು. ಹದಿನೈದು ದಿನದಿಂದ ನಾವು ಮೆಗಾಬೈಟಿನ ಒಗ್ಗರಣೆ ಉಂಡಿದ್ದೇವೆ!

"ಹೊನ್ನೂರಪ್ಪ, ಈಗ ಉಪಾಯ?"

ಹೊನ್ನೂರಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ. "ತೂಕ ಕಮ್ಮಿ ಬಿದ್ದಾಗ ಏನ ಮಾಡ್ತಾರ್ರಿ? ಒದ್ದಿ ಚೀಲ ಹೊಚ್ಚತಾರ."

ನಮ್ಮ ಸಂಘದಲ್ಲಿ ಅಂಥದ್ದು ನಡೆಯುವುದಿಲ್ಲ. ಆದರೆ ಹೇಗೆ ನಡೆಯುತ್ತದೆ ಎಂಬುದು ನಮಗೆಲ್ಲ ಚೆನ್ನಾಗಿ ಗೊತ್ತು.

ಮೊದಲು ಏಸಿ ಬಂದ್ ಮಾಡಿದೆವು. ಎರಡು ಹೊಸ ಗೋಣಿಚೀಲ ತಂದು ಆ ಬಕೀಟಿನ ನೀರಿನಲ್ಲೇ ಅದ್ದಿದೆವು. ಬೇರೆ ನೀರು ಯಾಕೆ? ಅದರದೇ ತೇವ ಅದಕ್ಕೇ ಮರಳಿ ಸೇರಲಿ! ಚೀಲ ಹಿಂಡಿ, ಬಾಣಂತಿಗೆ ಹೊದಿಸಿದಷ್ಟು ಮಮತೆಯಿಂದ ಯಂತ್ರಕ್ಕೆ ಹೊದಿಸಿ, ಪರದೆಯೊಂದನ್ನು ಮಾತ್ರ ಮುಖದಂತೆ ಹೊರಗೆ ಬಿಟ್ಟೆವು. ಅಂಕಿ ಏರುವುದನ್ನು ನೋಡಲು ಎದುರಿಗೆ ಚಾಪೆ ಹಾಸಿ ಕುಳಿತೆವು. ಅರ್ಧ ಗಂಟೆ ಕಳೆಯಿತು. ಅಕ್ಷರ ಒತ್ತಿದೆ. ಮೂವತ್ತು.

"ಹಿಂಡಬಾರದಿತ್ರಿ" ಅಂದ ಹೊನ್ನೂರಪ್ಪ. "ಇನ್ನೊಂದ ಚೂರು ಹನಸ್ರಿ."

ಒಂದು ತಂಬಿಗೆ ನೀರು ಮೇಲಿನಿಂದ ಹನಿಸಿದೆ. ಯಂತ್ರ ಒಮ್ಮೆ ಚಿಟ್ ಎಂದಿತು. "ಏರಾಕತ್ತೈತಿ!" ಎಂದು ಹೊನ್ನೂರಪ್ಪ ಕುಣಿದ. ಆಮೇಲೆ ಅದು ಚಟ್ ಎಂದಿತು. ನೀಲಿ ಹೊಗೆ ಎದ್ದಿತು. ಪರದೆ ಕಪ್ಪಾಯಿತು, ಮನೆಯ ಫ್ಯೂಸ್ ಹಾರಿತು, ಪಕ್ಕದ ಮನೆಯ ರೇಡಿಯೋ ಕೂಡ ಹಾಡುತ್ತ ಹಾಡುತ್ತ ನಿಂತಿತು. ಹೊನ್ನೂರಪ್ಪ ಮೂಗಿನಿಂದ ಗಾಳಿ ಎಳೆದು, ತಜ್ಞನಂತೆ ತಲೆಯಾಡಿಸಿ, "ಸಾಹೇಬ್ರ, ಈಗ ತೇವ ಹೆಚ್ಚಾತ್ರಿ" ಎಂದು ಹೇಳಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡಿದ.

ನಾನೊಬ್ಬನೇ ಉಳಿದೆ. ಬೆಳಿಗ್ಗೆ ನಲವತ್ತು ಇರಲಿಲ್ಲ, ಈಗ ಎಪ್ಪತ್ತೂ ಇಲ್ಲ! ಕುರ್ಚಿ ಹೋಯಿತೆಂದು ಅಳಲು ಶುರುಮಾಡಿದವನಿಗೆ ನಡುವೆ ಆ ಎರಡು ಸಾವಿರದ ಮುನ್ನೂರು ಜನ ನೆನಪಾದರು. ಚಪ್ಪಲಿ ಬಿಟ್ಟು ಒಳಗೆ ಬಂದವರು, ಏಸಿಗೆ ಕೈಮುಗಿದವರು. ಮುಂಗಾರಿಗೆ ಅವರಿಗೆ ಯಾವ ಬೀಜ ಎಂದು ಕಾಗದದ ಒಂದು ಚೂರಿನಲ್ಲೂ ಇರಲಿಲ್ಲ. ಆಗ ಅಳು ನಿಂತುಹೋಯಿತು.

ಮಧ್ಯಾಹ್ನ ಯಮನೂರಮ್ಮ ಬಂದಳು. ಬಾಗಿಲಲ್ಲೇ ನಿಂತಳು.

"ಇದೇನ್ರಿ ಇದು? ಕಂಪ್ಯೂಟರಿಗೆ ಚಳಿಜ್ವರ ಬಂದೈತೇನು?"

"ಒಣಗಿತ್ತು" ಅಂದೆ. ಎಲ್ಲ ಹೇಳಿದೆ. ಕರಿಬೇವಿನ ಭಾಗ ಬಂದಾಗ ಅವಳು ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದು ಕುಳಿತಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಕೊನೆಗೆ ಹೇಳಿದಳು.

"ನಿಮ್ಮ ನಲವತ್ತು ಎಲ್ಲೂ ಹೋಗಿದ್ದಿಲ್ಲ. ಎರಡೂ ಡಿಸ್ಕಿನ್ಯಾಗ ಒಂದ ಬರದಿರತೈತಿ. ನಾ ಟೈಪ್ ಮಾಡಿದ್ದು ಇದರಾಗೂ ಕುಂದ್ರತೈತಿ, ಅದರಾಗೂ ಕುಂದ್ರತೈತಿ. ನಮ್ಮವ್ವ ಬೀಜದ ಜ್ವಾಳ ಎರಡ ಮನ್ಯಾಗ ಇಡ್ತಾಳಿಲ್ಲ? ಒಂದ ಮನ್ಯಾಗ ನುಸಿ ಹತ್ತಿದ್ರ ಇನ್ನೊಂದ ಮನ್ಯಾಗ ಉಳೀಲಿ ಅಂತ. ಹಂಗ."

"ಮತ್ತ ಎಪ್ಪತ್ತು?"

"ಎರಡ ಮನ್ಯಾಗ ಇಟ್ರ ಬೀಜ ಎರಡಪಟ್ಟ ಆದಾವೇನು? ಸಣ್ಣ ಡಿಸ್ಕಿನ್ಯಾಗ ಮೂವತ್ತ ಹಿಡೀತೈತಿ, ಜೋಡೀನೂ ಮೂವತ್ತ. ದೊಡ್ಡದರಾಗ ಹತ್ತು ಸುಮ್ನ ಖಾಲಿ ಬಿದ್ದಿರತೈತಿ. ಸಣ್ಣದರದು ಇನ್ನೊಂದು ಸಿಗಲಿಲ್ಲಂತ ದೊಡ್ಡದು ಕೊಟ್ಟಾರ."

"ಇದನ್ನ ನಿನಗ ಯಾರ ಹೇಳಿದ್ರು?"

"ರಜಿಯಾ. ಬಂದ ದಿನಾನ ಹೇಳಿದ್ಲು, ಚಾ ಕುಡಕೋತ. ನೀವ ಒಳಗ ಕಳಿಸಿದ್ರೆಲ್ಲ, ನನ್ನ ಕೂಡ ಕುಂದ್ರು ಅಂತ!"

ಅವಳು ಎದ್ದು ಚೀಲ ತೆಗೆದು ಹಿತ್ತಲಲ್ಲಿ ಒಣಹಾಕಿದಳು. "ಎರಡರಾಗ ಒಂದರೆ ಉಳದಿದ್ರ ರೈತರು ಉಳದಂಗ. ಮುಟ್ಟಬ್ಯಾಡ್ರಿ ಇನ್ನ. ನೋಡೂದೂ ಬ್ಯಾಡ. ಅತ್ತಾಗ ಹೋಗಿ ಕುಂದ್ರಿ."

ಸೋಮವಾರ ಬೆಳಿಗ್ಗೆ ರಜಿಯಾಬೇಗಂ ಬಂದರು. ಬೇರೆ ಊರಿನ ಕೆಲಸ ಮುಗಿಸಿ ಬಂದು ಭಾನುವಾರ ತಂತಿ ನೋಡಿದ ಕೂಡಲೇ ಹೊರಟು, ಕೊಪ್ಪಳದ ಚಿಕ್ಕಮ್ಮನ ಮನೆಯಲ್ಲಿ ತಂಗಿದ್ದು ಮೊದಲ ಬಸ್ಸು ಹಿಡಿದಿದ್ದರು. ಯಂತ್ರದ ಮೇಲಿನ ತಗಡು ಬಿಚ್ಚಿದರು. ಗೋಣಿಯ ಒಂದು ನಾರನ್ನು ಚಿಮಟಿಗೆಯಿಂದ ಎತ್ತಿ ಬೆಳಕಿಗೆ ಹಿಡಿದರು. ನನ್ನ ಕಡೆ ನೋಡಿದರು.

"ಇದು ಯಾರ ಕೆಲಸ್ರೀ?"

"ತಾಂತ್ರಿಕ..." ಎಂದು ಶುರುಮಾಡಿದೆ.

"ಇವರದ" ಅಂದಳು ಯಮನೂರಮ್ಮ.

ಎರಡು ಡಿಸ್ಕುಗಳು ಅಟ್ಟದಂತೆ ಒಂದರ ಮೇಲೊಂದು ಇದ್ದವು. ಮೇಲಿದ್ದದ್ದು ನಲವತ್ತರದು. ನನ್ನ ತಂಬಿಗೆಯ ನೀರೆಲ್ಲ ಅದರ ತಲೆಗೇ ಬಿದ್ದು, ಒಳಗೆ ಸುಟ್ಟು ಕರಕಲಾಗಿತ್ತು. ಕೆಳಗಿನ ಮೂವತ್ತರದನ್ನು ಅವರು ಬಟ್ಟೆಯಿಂದ ಒರೆಸಿದರು, ಊದಿದರು, ಬೇರೆ ವೈರು ಕೊಟ್ಟರು. ಗಡಿಯಾರ ಹತ್ತು ಇಪ್ಪತ್ತು. ಹೊರಗೆ ಜೀಪಿನ ಸದ್ದು. ಸ್ವಿಚ್ ಒತ್ತಿದರು. ಯಂತ್ರ ಒಂದು ಸಲ ನರಳಿತು, ಪರದೆ ಮಿಟುಕಿತು. ನಾನು ಕಣ್ಣು ಮುಚ್ಚಿಕೊಂಡೆ.

"ಅಕ್ಕಾರ, ಒಂದ ಹೆಸರ ಹೊಡೀರಿ" ಅಂದರು ರಜಿಯಾಬೇಗಂ. ಯಮನೂರಮ್ಮಳ ಬೆರಳಿನ ಟಕಟಕ ಕೇಳಿಸಿತು. ಆಮೇಲೆ ಅವಳ ಉಸಿರು. "ಅದಾರ್ರೀ! ಎಲ್ಲಾರೂ ಅದಾರ!"

ಎರಡು ಸಾವಿರದ ಮುನ್ನೂರು ಜನ, ಚಪ್ಪಲಿ ಬಿಟ್ಟು ಕೈಮುಗಿದವರು, ಒಬ್ಬರೂ ಒದ್ದೆಯಾಗದೆ ಉಳಿದಿದ್ದರು.

ಇನ್ಸ್‌ಪೆಕ್ಟರ್ ಬಂದರು, ಅಮರಪ್ಪನವರ ಜೊತೆ. ಪುಸ್ತಕ ಬಿಚ್ಚಿದರು. "ಎಪ್ಪತ್ತು ಅಂತ ಬರದೀರಿ. ಇಲ್ಲಿ ಮೂವತ್ತ ಕಾಣಸ್ತಾವ. ಉಳಿದಿದ್ದು?" ನಾನು ಮೇಜಿನ ಕೆಳಗೆ ನೋಡಿದೆ. ಯಮನೂರಮ್ಮ ಮುಂದೆ ಬಂದು ಎರಡು ಮನೆಯ ಬೀಜದ ಜೋಳದ ಮಾತು ಹೇಳಿದಳು. ಇನ್ಸ್‌ಪೆಕ್ಟರ್ ತಲೆ ಎತ್ತಿ ಕೇಳಿದರು. ಯಲಬುರ್ಗಾ ಕಡೆಯವರಂತೆ, ಅವರ ತಾಯಿಯೂ ಹಾಗೇ ಇಡುತ್ತಿದ್ದರಂತೆ. "ಹಂಗಾದ್ರ ಇವು ಕೂಡಿಸೂ ಲೆಕ್ಕಾನ ಅಲ್ಲ" ಎಂದು ನನ್ನ ಎಪ್ಪತ್ತಕ್ಕೆ ಅಡ್ಡಗೆರೆ ಎಳೆದರು. ಆಮೇಲೆ ಸುಟ್ಟ ಡಿಸ್ಕನ್ನು ಕೈಗೆತ್ತಿಕೊಂಡು, ಮೂಸಿ, ಜೀವಮಾನವಿಡೀ ಭತ್ತ ನೋಡಿದ ಕೈಯಿಂದ ಷರಾ ಬರೆದರು: "ಡಿಸ್ಕ್ ಒಂದು, ತೇವಾಂಶ ಹೆಚ್ಚಾದ ಕಾರಣ ತಿರಸ್ಕರಿಸಲಾಗಿದೆ. ಉಳಿದದ್ದು ಸರಿಯಿದೆ."

ಪಾಸು!

"ಮಾತಂದ್ರ ಮಾತು, ವಿರುಪಣ್ಣ. ಕುರ್ಚಿ ನಿಂದು" ಅಂದರು ಅಮರಪ್ಪನವರು. ನಾನು ಎದೆ ಉಬ್ಬಿಸುವಷ್ಟರಲ್ಲಿ ಮುಂದುವರಿಸಿದರು: "ಮಷಿನ್ನು ನಿನ್ನ ಹೆಂಡತೀದು. ಇವತ್ತಿನಿಂದ ಆಕೀನ ಸಂಘದ ಆಪರೇಟರು. ನೀನು ಆ ಕ್ವಾಣಿ ಬಾಗಲದಿಂದ ನಾಕ ಮಾರು ದೂರ ಇರಬೇಕು. ಇದು ಠರಾವು." ಯಮನೂರಮ್ಮ ಕೂಡಲೇ, "ಹಂಗಾದ್ರ ನನ್ನ ಕಾಳಿಗೆ ಹಿತ್ತಲದಾಗ ಬ್ಯಾರೆ ಕ್ವಾಣಿ ಕಟ್ಟಿಸಿ ಕೊಡ್ರಿ ಧಣ್ಯಾರ. ಸಂಡಿಗಿ ಅಟ್ಟದ ಮ್ಯಾಲ ಮೆತ್ತಗಾಗಾಕತ್ತಾವ" ಎಂದು ಅದನ್ನೂ ಅದೇ ಠರಾವಿಗೆ ಸೇರಿಸಿಕೊಂಡಳು.

ಅಂದೇ ಮಧ್ಯಾಹ್ನ ಕಚೇರಿಯಲ್ಲಿ ಹಳೆಯ ಕಾರ್ಯದರ್ಶಿಗಳು ಒಂದು ಗಳಿಗೆ ಎದ್ದು, "ಕುಂತ ನೋಡ್ರಿ, ಹೆಂಗ ಆಗತೈತಿ" ಎಂದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಆಹಾ! ಸಿಂಹಗಳ ತಲೆಯ ಮೇಲೆ ಅಂಗೈ ಊರಿ, ಬೆನ್ನು ಸೆಟೆಸಿ, ಗಲ್ಲ ಎತ್ತಿದೆ. ಎದುರಿನ ಬೆಂಚಿನಲ್ಲಿ ರಜಿಯಾಬೇಗಂ ಕುಳಿತಿದ್ದರು. ಸುಟ್ಟ ಡಿಸ್ಕನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತಳಿ ಸುತ್ತುತ್ತಿದ್ದರು. ಅವರ ಪಕ್ಕದಲ್ಲಿ ಯಮನೂರಮ್ಮ ಸುತಳಿಯ ಗಂಟಿಗೆ ಬೆರಳು ಒತ್ತಿ ಹಿಡಿದಿದ್ದಳು. ಕುರ್ಚಿಯಲ್ಲಿ ಕುಳಿತ ಮೇಲೆ ಏನಾದರೂ ಕೇಳಬೇಕಲ್ಲ? ಗಂಟಲು ಸರಿಪಡಿಸಿಕೊಂಡು, ಅಧಿಕಾರಯುತ ದನಿಯಲ್ಲಿ ಕೇಳಿದೆ:

"ಮೇಡಂ, ನನಗೊಂದು ಸಂಶಯ. ದೊಡ್ಡದು ಇದ್ದಾಗೂ ಮೂವತ್ತು, ದೊಡ್ಡದು ಹೋದ ಮ್ಯಾಲೂ ಮೂವತ್ತು. ಹಂಗಾದ್ರ ಅಷ್ಟ ದೊಡ್ಡ ಡಿಸ್ಕು ಮ್ಯಾಲ ಕುಂತು ಇಷ್ಟ ದಿನ ಏನ ಮಾಡತಿತ್ರೀ?"

ರಜಿಯಾಬೇಗಂ ಸುತಳಿಯ ತುದಿಯನ್ನು ಹಲ್ಲಿನಿಂದ ಕಡಿದರು. ಕುರ್ಚಿಯನ್ನೊಮ್ಮೆ ನೋಡಿದರು.

"ಏನ ಮಾಡ್ತೈತ್ರಿ? ಸಣ್ಣದು ಮಾಡಿದ್ದಕ್ಕ ತಾನೂ ಹೂಂ ಅಂತಿತ್ತು. ಉಳಿದ ಹೊತ್ತು ಒಳಗ ಖಾಲಿ ಇಟಗೊಂಡು, ದೊಡ್ಡದಂತ ಕುಂತಿತ್ತು."